ಲ್ಯಾಬಿನ ಹೆಸರಿಗೆ ಬಂದ ಹತ್ತು ಸೀಸೆ

ನವಲಗುಂದದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ರಕ್ತ ತಪಾಸಣೆಯ ಲ್ಯಾಬ್ ಇದೆ. ಲ್ಯಾಬ್ ಅಂದರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ಒಂದು ಖೋಲಿ, ಒಂದು ಸೂಕ್ಷ್ಮದರ್ಶಕ, ರಕ್ತ ತಿರುಗಿಸುವ ಯಂತ್ರ, ಕೆಮಿಕಲ್ ಇಡಲು ಸಣ್ಣ ಫ್ರಿಜ್ಜು, ಬಂದವರು ಕೂಡಲು ಒಂದು ಬಾಕು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತು ಊರವರ ತೋಳಿಗೆ ರಬ್ಬರು ಕಟ್ಟಿ ನರ ಹುಡುಕುತ್ತಿದ್ದೇನೆ. ಎಷ್ಟೋ ಜನರ ಹೆಸರು ಮರೆತುಹೋಗುತ್ತದೆ, ಅವರ ನರ ಎಲ್ಲಿ ಸಿಗುತ್ತದೆ ಅನ್ನುವುದು ಮರೆಯುವುದಿಲ್ಲ.

ಲ್ಯಾಬಿಗೆ ಏನು ತಂದುಕೊಟ್ಟರೂ ತಪಾಸಣೆ ಮಾಡುತ್ತಾರೆ ಅನ್ನುವುದು ನಮ್ಮ ಕಡೆಯ ಜನರ ಗಟ್ಟಿ ನಂಬಿಕೆ. ತುಪ್ಪದಲ್ಲಿ ಡಾಲ್ಡಾ ಬೆರೆಸಿದ್ದಾರೇನು ನೋಡಿ ಅಂತ ಡಬ್ಬಿ ತರುತ್ತಾರೆ. ಹೊಲದ ಎರೆಮಣ್ಣನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬರುತ್ತಾರೆ. ಮೊರಬದ ಹಿರಿಯರೊಬ್ಬರು, ಮನೆ ಮುಂದೆ ಯಾರೋ ಇಟ್ಟುಹೋದ ಲಿಂಬೆಹಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಂದು, "ಇದರಾಗ ಏನರ ಮಾಡಿಸ್ಯಾರೇನು ನೋಡ್ರಿ ಅಕ್ಕಾರ" ಅಂದಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಬರೇ ಸಿ ವಿಟಮಿನ್ ಐತಿ, ಹಿಂಡಿಕೊಂಡು ಕುಡೀರಿ" ಅಂದು ಕಳಿಸಿದೆ. ಕುಡಿದರೋ ಇಲ್ಲವೋ, ಶುಗರ್ ನೋಡಿಸಲು ಈಗಲೂ ನನ್ನ ಹತ್ತಿರವೇ ಬರುತ್ತಾರೆ.

ಹೋದ ವರ್ಷ ಶ್ರಾವಣ ಮುಗಿದ ವಾರ ಕೊರಿಯರಿನವನು ಒಂದು ಥರ್ಮೋಕೋಲ್ ಪೆಟ್ಟಿಗೆ ತಂದುಕೊಟ್ಟ. ಮೇಲೆ ನನ್ನ ಲ್ಯಾಬಿನ ಹೆಸರು, ಇಂಗ್ಲಿಷಿನಲ್ಲಿ, ದಪ್ಪ ಅಕ್ಷರಗಳಲ್ಲಿ. ನಾನೇನೂ ತರಿಸಿರಲಿಲ್ಲ. ಬಿಚ್ಚಿ ನೋಡಿದರೆ ಕರಗಿ ಮೆತ್ತಗಾದ ಐಸಿನ ಪೊಟ್ಟಣಗಳ ನಡುವೆ ಹೆಬ್ಬೆರಳಿನಷ್ಟುದ್ದದ ಹತ್ತು ಗಾಜಿನ ಸೀಸೆ. ಪ್ರತಿಯೊಂದರ ತಳದಲ್ಲೂ ವಿಭೂತಿಯ ಚೂರಿನಂಥ ಬಿಳಿ ಬಿಲ್ಲೆ. ಜೊತೆಗಿದ್ದ ಕಾಗದದಲ್ಲಿ, ಇದೊಂದು ಕೃತಕ ಪೆಪ್ಟೈಡ್, ಮೂರು ಬಗೆಯ ರಿಸೆಪ್ಟರುಗಳ ಮೇಲೆ ಕೆಲಸ ಮಾಡುತ್ತದೆ ಅಂತಿತ್ತು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ, ಪ್ರಯೋಗಾಲಯದ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ.

ಸುಳ್ಳೇಕೆ ಹೇಳಲಿ, ಮೊದಲು ನನಗೆ ಹೆಮ್ಮೆಯಾಯಿತು. ಯಾವುದೋ ದೊಡ್ಡ ಕಂಪನಿಯವರು ಎಲ್ಲೆಲ್ಲೋ ಹುಡುಕಿ ಕೊನೆಗೆ ಸಂಶೋಧನೆಗೆ ನನ್ನ ಲ್ಯಾಬನ್ನೇ ಆರಿಸಿದ್ದಾರೆ ಅಂದುಕೊಂಡೆ. ಮೇಜು ಒರೆಸಿದೆ. ಕೋಟು ಹಾಕಿಕೊಂಡೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಮ್ಮನೆಯವರಿಗೆ ಫೋನು ಮಾಡಿ ಹೇಳಿದೆ. ಅವರು, "ಮೊದಲ ಆ ಕಸಬರಗಿ ಬಾಗಲಾ ಹಿಂದ ಇಡು, ಸಂಶೋಧನಾ ಆಮ್ಯಾಲ ಮಾಡೀಯಂತ" ಅಂದರು.

ಫೋನು ಇಟ್ಟಿದ್ದೆನೋ ಇಲ್ಲವೋ, ಮತ್ತೆ ರಿಂಗಾಯಿತು. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯ ಅಕ್ಕ. ಹಿನ್ನೆಲೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ.

"ತಂಗೀ, ನನ್ನದೊಂದು ಪಾರ್ಸಲ್ ಬಂದೈತೇನು ನೋಡ ಬೇ. ನಿನ್ನ ಲ್ಯಾಬಿನ ಹೆಸರು ಕೊಟ್ಟಿದ್ದೆ. ಥಂಡ್ಯಾಗ ಇಡು, ಊಟದ ಗದ್ಲ ಮುಗಿಸಿ ಬರ್ತೀನಿ."

ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು.

ಈ ಅಕ್ಕ ನನಗೆ ಸಂಬಂಧಿಯಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳು, ಮೊರಬದ ಮಗಳು. ಗಂಡನ ಜೊತೆ ಸೇರಿ ಮೂವತ್ತು ವರ್ಷದಿಂದ ಖಾನಾವಳಿ ನಡೆಸುತ್ತಿದ್ದಾಳೆ. ನಾನು ಲ್ಯಾಬ್ ತೆರೆದ ಮೊದಲ ದಿನ, ಒಬ್ಬ ರೋಗಿಯೂ ಬಾರದೆ ಮೋರೆ ಸಣ್ಣದು ಮಾಡಿಕೊಂಡು ಕೂತಿದ್ದಾಗ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ತೋಳು ಚಾಚಿದವಳು ಆಕೆ. "ಬೋಣಿಗಿ ಮಾಡು" ಅಂದಳು. ಅವತ್ತು ಆಕೆಗೆ ಯಾವ ರೋಗವೂ ಇರಲಿಲ್ಲ. ಶುಗರ್ ಬಂದದ್ದು ಆಮೇಲೆ, ಏಳೆಂಟು ವರ್ಷದ ನಂತರ. ಅವತ್ತಿನಿಂದ ನನ್ನ ಮಧ್ಯಾಹ್ನದ ಡಬ್ಬಿ ಅಲ್ಲಿಂದಲೇ ಬರುತ್ತದೆ.

ಅಕ್ಕ ದಪ್ಪ. ದಪ್ಪಗಿದ್ದುದರ ಬಗ್ಗೆ ಆಕೆ ಎಂದೂ ತಲೆಕೆಡಿಸಿಕೊಂಡವಳಲ್ಲ. "ಖಾನಾವಳಿ ನಡಸಾಕಿ ಕಡ್ಡೀಗತೆ ಇದ್ರ ಯಾರು ಒಳಗ ಬರ್ತಾರ?" ಅನ್ನುತ್ತಿದ್ದಳು. ಆದರೆ ಮೂರು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟವು. ಅದಕ್ಕೂ ಆಕೆ ಅಂಜಲಿಲ್ಲ. ನಿಂತೇ ಒಗ್ಗರಣೆ ಹಾಕುವಂತೆ ಒಲೆಯನ್ನು ಎತ್ತರ ಮಾಡಿಸಿಕೊಂಡಳು. ಆಕೆಯ ಮನಸ್ಸಿಗೆ ಹತ್ತಿದ್ದು ಒಂದೇ. ದಿನಾ ಬೆಳಿಗ್ಗೆ ಮಿಂದು, ನೆಲದ ಮೇಲೆ ಜಮಖಾನೆ ಹಾಸಿ, ಕಾಲು ಮಡಚಿ ಕೂತು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿಕೊಳ್ಳುವುದು ಆಕೆಯ ರೂಢಿ. ತವರಿನಿಂದ ತಂದ ಜಮಖಾನೆ, ನವಲಗುಂದದ್ದೇ ನೇಯ್ಗೆ. ಅದನ್ನು ಸುತ್ತಿಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಬೇಕಾಯಿತು. ಮಠದ ಅಜ್ಜಾರು, ಕುರ್ಚಿಯ ಮೇಲೆ ಕೂತರೆ ಏನೂ ತಪ್ಪಿಲ್ಲ ತಾಯಿ, ಭಕ್ತಿ ಮುಖ್ಯ ಅಂದರು. ಆಕೆಗೆ ಒಪ್ಪಿಗೆಯಾಗಲಿಲ್ಲ.

"ಬಸ್ಸಿಗೆ ಕಾಯ್ಕೊಂತ ಕುಂತಂಗ ಅನಸ್ತೈತಿ ಬೇ" ಅಂದಿದ್ದಳು ನನ್ನ ಹತ್ತಿರ. "ದೇವರ ಮುಂದ ಕುಂತಂಗ ಅನ್ಸೂದುಲ್ಲ."

ಹೀಗಿರುವಾಗ ಹೋದ ವರ್ಷ ಮುಂಗಾರಿನ ಹೊತ್ತಿಗೆ ಅಕ್ಕ ಇಳಿಯತೊಡಗಿದಳು. ತಿಂಗಳಿಗೊಮ್ಮೆ ರಕ್ತ ಕೊಡಲು ಬರುತ್ತಿದ್ದವಳ ಶುಗರೂ ಇಳಿಯಿತು, ಮೈಯೂ ಇಳಿಯಿತು, ಜಂಪರು ಸಡಿಲಾಯಿತು. ನಾನು ಎಷ್ಟೋ ವರ್ಷದಿಂದ, ಅನ್ನ ಬಿಟ್ಟು ನವಣೆ ತಿನ್ನು, ಸಂಜೆ ಕೆರೆಯ ದಂಡೆಗೆ ನಡೆ ಅಂತ ಆಕೆಯ ಕಿವಿ ತೂತು ಮಾಡಿದ್ದೆ. "ನವಣಿ ತಿನ್ನಾಕತ್ತಿಯೇನು?" ಅಂತ ಕೇಳಿದೆ. "ಹೂಂ" ಅಂದಳು. ಅಷ್ಟೇ ಸಾಕಾಯಿತು ನನಗೆ. ಬಂದ ಬಂದ ಶುಗರಿನವರಿಗೆಲ್ಲ ಖಾನಾವಳಿ ಕಡೆ ಬೆರಳು ತೋರಿಸಿ, "ಅಲ್ನೋಡ್ರಿ, ನನ್ನ ಮಾತು ಕೇಳಿದ್ರ ಹಂಗ ಆಕ್ಕೀರಿ" ಅನ್ನತೊಡಗಿದೆ. ಅಜ್ಜಿಯ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅಂದ ಹಾಗೆ.

ಮೂರನೆಯ ತಿಂಗಳು, ಒಂದು ಬೆಳಿಗ್ಗೆ ನನ್ನನ್ನು ಮನೆಗೆ ಕರೆಸಿದಳು. ಜಮಖಾನೆ ಹಾಸಿತ್ತು. ಗೋಡೆ ಹಿಡಿದು ಮೆಲ್ಲಗೆ ಕೂತಳು, ಕಾಲು ಮಡಚಿದಳು, ನನ್ನ ಮುಖ ನೋಡಿದಳು. ಅತ್ತುಬಿಟ್ಟಳು. ನಾನೂ ಅತ್ತೆ. ಆಮೇಲೆ ಗೋಡೆ ಹಿಡಿದು ತಾನೇ ಎದ್ದಳು, ಮೋರೆಯೆಲ್ಲ ಬೆವೆತಿತ್ತು, ಆದರೂ ಎದ್ದಳು. ಆ ಇಡೀ ದಿನ ನಾನು ಸಿಟ್ಟೇ ಮಾಡಿಕೊಳ್ಳಲಿಲ್ಲವಂತೆ, ನಮ್ಮನೆಯವರು ಈಗಲೂ ಹೇಳುತ್ತಾರೆ.

ಇದಾದ ಮೂರು ವಾರಕ್ಕೆ ಆ ಪೆಟ್ಟಿಗೆ ಬಂತು.

ಮಧ್ಯಾಹ್ನ ಮೂರಕ್ಕೆ ಅಕ್ಕ ಬಂದಳು. ನಾನು ಹತ್ತೂ ಸೀಸೆಯನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದೆ, ಮಾಸ್ತರು ಹುಡುಗರನ್ನು ನಿಲ್ಲಿಸಿದ ಹಾಗೆ.

"ಇದನ್ನ ಚುಚ್ಕೊಳ್ಳಾಕತ್ತಿಯೇನು?"

"ಹೂಂ. ಮೂರು ತಿಂಗಳ ಮ್ಯಾಲಾತು. ಫೋನಿನ್ಯಾಗ ಒಬ್ಬಾಕಿ ತೋರಿಸಿದ್ಲು, ತರಿಸಿದೆ. ಅತ್ತಿ ಇರೂತನಕಾ ಅಕಿಗೆ ಇನ್ಸುಲಿನ್ ಮಾಡಿ ಮಾಡಿ ಕೈ ಪಳಗೈತಿ."

"ಮ್ಯಾಲ ಏನು ಬರದಾರ ಓದೀಯೇನು?"

"ಓದಿದ್ದಕ್ಕನ ತಿಂಗಳಾ ನಿನ್ನ ಹಂತ್ಯಾಕ ಬರ್ತಿದ್ದೆ. ಲ್ಯಾಬಿನ್ಯಾಗ ನೋಡಬೇಕು ಅಂತ ಬರದಾರ. ನಿನ್ನ ಲ್ಯಾಬಿನ್ಯಾಗ ನೋಡಿಸೀನಿ. ಈ ಸಲಾ ಲ್ಯಾಬಿನ ಹೆಸರು ಹಾಕ್ರಿ ಅಂದ್ರು, ನಿಂದನ ಹಾಕಿದೆ. ಇಷ್ಟು ಕಾಯ್ದೇಶೀರ ಯಾರು ಮಾಡ್ತಾರ?"

"ಮನಷ್ಯಾರಿಗಲ್ಲ ಅಂತ ಕೆಂಪಕ್ಷರದಾಗ ಐತಲ್ಲಾ!"

"ಮನಷ್ಯಾರಿಗಲ್ಲ ಅಂದ್ರ ಮತ್ತ ಯಾರಿಗೆ? ಎಮ್ಮಿ ಬೊಜ್ಜು ಇಳಸಾಕ ಯಾರರ ಔಷಧ ಮಾಡ್ತಾರೇನು?"

ಬೇರೆ ಹೊತ್ತಿನಲ್ಲಾಗಿದ್ದರೆ ನಗುತ್ತಿದ್ದೆ. ಅವತ್ತು ಮೈ ಉರಿಯಿತು. "ನವಣಿ ತಿನ್ನಾಕತ್ತೀನಿ ಅಂದಿದ್ದಿ?"

"ನೀ ಕೇಳಿದಿ, ನಾ ಹೂಂ ಅಂದೆ. ಅಷ್ಟು ಖುಷೀಲೆ ಕೇಳಿದಿ, ಯಾಕ ಮನಸ್ಸು ಮುರೀಲಿ ಅಂತ."

ಸೋತಾಗಲೆಲ್ಲ ನಾನು ಪಾಠ ಶುರುಮಾಡುತ್ತೇನೆ. ನಮ್ಮ ಮೈಯಲ್ಲಿ ಹಸಿವು, ಸಕ್ಕರೆ, ಕೊಬ್ಬು ಇವನ್ನೆಲ್ಲ ನೋಡಿಕೊಳ್ಳುವ ಹಾರ್ಮೋನುಗಳಿವೆ, ಅವು ಹೋಗಿ ತಾಗುವ ಜಾಗಕ್ಕೆ ರಿಸೆಪ್ಟರ್ ಅನ್ನುತ್ತಾರೆ, ಬಾಗಿಲಿನ ಕೀಲಿ ಇದ್ದ ಹಾಗೆ. ಇದು ಒಂದೇ ಕೀಲಿಕೈಯಿಂದ ಮೂರು ಬಾಗಿಲು ತೆಗೆಯಲು ಮಾಡಿದ ಪುಡಿ. ಒಳಗೆ ಹೋಗಿ ಇನ್ನೇನೇನು ತೆಗೆಯುತ್ತದೋ ಯಾರಿಗೆ ಗೊತ್ತು, ಅದನ್ನು ತಿಳಿಯುವುದಕ್ಕೇ ಸಂಶೋಧನೆ ನಡೆದಿರುವುದು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಬಹಳ ಸಮಾಧಾನದಿಂದ, "ಹಂಗಾರ ನೀನ ತಪಾಸ ಮಾಡು. ಛಲೋ ಐತಿ ಅಂದ್ರ ತಗೋತೀನಿ, ಇಲ್ಲಂದ್ರ ಬಿಡ್ತೀನಿ" ಅಂದಳು.

"ಇಲ್ಲೆ ಆಗಂಗಿಲ್ಲ" ಅಂದೆ. "ಇದರಾಗ ಏನೈತಿ ಅಂತ ನನಗ ತಿಳಿಯಂಗಿಲ್ಲ."

ಲಿಂಬೆಹಣ್ಣಿನ ಹಿರಿಯರಿಗೆ ಹೇಳಿದಷ್ಟು ಸುಲಭವಾಗಿ ಆ ಮಾತು ಬಾಯಿಂದ ಬರಲಿಲ್ಲ. ನಾನು ಬರೆದುಕೊಟ್ಟ ಚೀಟಿಯನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದವಳು ಆಕೆ. ಅವಳಿಗೆ ನನ್ನ ಕೈಲಾಗದ್ದು ಇದೆ ಅಂತ ಹೇಳಬೇಕಾಯಿತು. ಅಕ್ಕ ಸೀಸೆಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಹಂಗಾರ ನಾ ಮತ್ತ ಕುರ್ಚಿ ಮ್ಯಾಲ ಕೂಡ್ರಲೇನು?"

ನಾನು ಸೀಸೆಗಳನ್ನು ಫ್ರಿಜ್ಜಿಗೆ ಹಾಕಿ ಕೀಲಿ ಹಾಕಿದೆ. ನಾನು ತರಿಸಿದ ಚಹಾ ಕುಡಿಯದೆ ಆಕೆ ಎದ್ದುಹೋದಳು.

ಆರು ದಿನ ಮಾತಿಲ್ಲ. ಡಬ್ಬಿ ಮಾತ್ರ ತಪ್ಪದೆ ಬರುತ್ತಿತ್ತು. ಮನುಷ್ಯರ ಮೇಲೆ ಸಿಟ್ಟಾದರೂ ಹೊಟ್ಟೆಯ ಮೇಲೆ ಸಿಟ್ಟಾಗುವವಳಲ್ಲ ಅಕ್ಕ. ಆದರೆ ಆ ಡಬ್ಬಿಯ ಬಗ್ಗೆ ಒಂದು ಮಾತು ಹೇಳಬೇಕು. ಎಷ್ಟೋ ವಾರದಿಂದ ಅದರ ರುಚಿ ಕೆಟ್ಟಿತ್ತು. ಎಣ್ಣೆಗಾಯಿಗೆ ಉಪ್ಪಿಲ್ಲ, ಝುಣಕ ಉಪ್ಪಿನ ಹೊಂಡ. ಸಾರು ಒಂದು ದಿನ ನೀರು, ಒಂದು ದಿನ ಬರೀ ಖಾರ. ಉಪ್ಪಿನಕಾಯಿ ಹಚ್ಚಿಕೊಂಡು ಸುಮ್ಮನೆ ಉಣ್ಣುತ್ತಿದ್ದೆ. ಗಿರಾಕಿ ಹೆಚ್ಚಾಗಿರಬೇಕು, ಗಡಿಬಿಡಿ ಅಂದುಕೊಂಡಿದ್ದೆ. ಊರಿನವರ ರಕ್ತದಲ್ಲಿ ಉಪ್ಪಿನಂಶ ಎಷ್ಟಿದೆ ಅಂತ ಬರೆದುಕೊಡುವವಳು ನಾನು. ನನ್ನ ತಾಟಿನಲ್ಲಿದ್ದ ಉಪ್ಪು ನನಗೆ ಏನನ್ನೂ ಹೇಳಲಿಲ್ಲ.

ಏಳನೆಯ ದಿನ ತಡೆಯಲಾಗದೆ, ಬೆಳಿಗ್ಗೆ ಹನ್ನೊಂದಕ್ಕೆ ಖಾನಾವಳಿಗೆ ಹೋದೆ. ಹನ್ನೊಂದಕ್ಕೇ ಹೋಗಲು ಕಾರಣವಿತ್ತು. ಬೇರೆ ಖಾನಾವಳಿಗಳಲ್ಲಿ ಅಡುಗೆ ಮಾಡಿದವರು ಎಲ್ಲರದ್ದೂ ಆದ ಮೇಲೆ ಉಣ್ಣುತ್ತಾರೆ. ಇಲ್ಲಿ ಅಕ್ಕನದೇ ಮೊದಲ ತಾಟು. ಹುಬ್ಬಳ್ಳಿ ಬಸ್ಸಿನ ಗದ್ದಲ ಶುರುವಾಗುವ ಮೊದಲು ಮೂಲೆಯ ಬಾಕಿನ ಮೇಲೆ ಕೂತು ಎರಡು ರೊಟ್ಟಿ, ಪಲ್ಯ, ಝುಣಕ, ಶೇಂಗಾ ಚಟ್ನಿ, ಅನ್ನ, ಸಾರು ಎಲ್ಲವನ್ನೂ ಗಿರಾಕಿಯ ಹಾಗೆಯೇ ಹಾಕಿಸಿಕೊಂಡು ಉಣ್ಣುತ್ತಾಳೆ. ಉಪ್ಪು ಕಮ್ಮಿಯಿದ್ದರೆ ಅಲ್ಲಿಂದಲೇ ಕೂಗುತ್ತಾಳೆ. ಹೊಸಬರು, ಅಕ್ಕಾರಿಗೆ ಬಾಳ ಹಸಿವು ಅಂತ ನಕ್ಕರೆ, "ನಾ ಉಣ್ಣದ್ದನ್ನ ಮಂದಿಗೆ ನೀಡಂಗಿಲ್ರಿ" ಅನ್ನುತ್ತಾಳೆ. ಮೂವತ್ತು ವರ್ಷದಿಂದ ಇದೇ ರೂಢಿ.

ಅವತ್ತೂ ತಾಟು ಬಂತು. ಅಕ್ಕ ಅದರ ಮುಂದೆ ಕೂತಳು. ರೊಟ್ಟಿಯ ತುದಿ ಮುರಿದಳು, ಮುರಿದದ್ದನ್ನು ಹಾಗೆಯೇ ಇಟ್ಟಳು. ಸೆರಗು ಮೂಗಿಗೆ ಹಿಡಿದುಕೊಂಡು ಒಂದು ಗಳಿಗೆ ಆ ಕಡೆ ಮೋರೆ ತಿರುಗಿಸಿದಳು. ಆಮೇಲೆ ತಾಟನ್ನು ಬಾಜೂಕ್ಕೆ ಸರಿಸಿ, "ನೀಡ್ರಿ ಎಲ್ಲಾರಿಗೂ" ಅಂದಳು. ನಾನು ಬಾಗಿಲಲ್ಲಿ ನಿಂತಿದ್ದನ್ನು ನೋಡಿರಲಿಲ್ಲ.

ಮೊದಲು ಕೂತವನು ಒಬ್ಬ ಕಂಡಕ್ಟರ್, ಎಷ್ಟೋ ವರ್ಷದಿಂದ ಅಲ್ಲಿಯೇ ಉಣ್ಣುವವನು. ಒಂದು ತುತ್ತು ಬಾಯಿಗಿಟ್ಟು, "ಅಕ್ಕಾರ, ನಿನ್ನಿ ಉಪ್ಪು ಹಾಕೂದು ಮರ್ತಿದ್ರಿ. ಇವತ್ತ ಎರಡೂ ದಿನದ್ದು ಕೂಡಿಸಿ ಹಾಕೀರಿ ನೋಡ್ರಿ" ಅಂದ.

ಸುತ್ತಲಿನವರು ನಕ್ಕರು. ಅವನೂ ಕೆಟ್ಟದ್ದಕ್ಕೆ ಅಂದವನಲ್ಲ. ಅಕ್ಕ ಅವನ ಮುಂದಿನ ತಾಟನ್ನು ತೆಗೆದುಕೊಂಡು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಹಿಟ್ಟಿನ ಡಬ್ಬಿಗಳ ನಡುವೆ, ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು.

"ಹಸಿವು ಹೋಗೇತಿ ಬೇ" ಅಂದಳು. "ಹಸಿವು ಹೋದ್ರ ನಾಲಿಗೀನೂ ಹೊಕ್ಕೈತಿ ಅಂತ ನನಗ ಗೊತ್ತಿರಲಿಲ್ಲ. ಬಾಯಾಗ ಇಟ್ಕೊಂಡ್ರ ಮಣ್ಣು. ರೊಟ್ಟಿ ಸುಡೂ ವಾಸನಿಗೆ ವಾಂತಿ ಬಂದಂಗ ಆಕ್ಕೈತಿ. ಎಲ್ಲಾ ಅಂದಾಜಿನ ಮ್ಯಾಲ ಹಾಕಾಕತ್ತೀನಿ. ನಾ ಉಣ್ಣಲಾರದ್ದನ್ನ ಹಸದವರಿಗೆ ಹೆಂಗ ನೀಡ್ಲಿ ಹೇಳು? ಹಳೇ ಸೀಸಿ ನಿನ್ನಿ ಮುಗೀತು, ಇಲ್ಲಿಗೇ ಬಿಡೂನು ಅಂದ್ರ ಮತ್ತ ಆ ಕುರ್ಚಿ."

ಅಷ್ಟು ದಿನ ಸಿಟ್ಟು ಹೊತ್ತುಕೊಂಡು ತಿರುಗಿದ್ದ ನನಗೆ ಆಗ ನಾಚಿಕೆಯಾಯಿತು. ಸೀಸೆಯಲ್ಲಿ ಏನಿದೆ ಅಂತ ನನಗೆ ತಿಳಿಯದಿದ್ದರೆ ಬೇಡ, ಆಕೆ ಉಣ್ಣುತ್ತಿಲ್ಲ ಅಂತಾದರೂ ತಿಳಿಯಬೇಕಿತ್ತು. ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

"ನಾಳೆ ಹುಬ್ಬಳ್ಳಿಗೆ ಹೋಗೂಣು" ಅಂದೆ. "ಆ ಪೆಟಗಿ ತಗೊಂಡ ಹೋಗೂಣು."

ಹೋದೆವು. ಡಾಕ್ಟರು ನನ್ನ ಮಗಳ ವಯಸ್ಸಿನವರು, ಆದರೆ ಬೈಯುವುದರಲ್ಲಿ ನನಗಿಂತ ಹಿರಿಯರು. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಕಾಗದ ಓದಿ, ಮೊದಲು ಅಕ್ಕನಿಗೆ ಬೈದರು. ಇಂಥ ಔಷಧವನ್ನು ಡಾಕ್ಟರ ಕಣ್ಣೆದುರಿಗೆ, ಒಪ್ಪಿ ಬಂದವರ ಮೇಲೆ, ಲೆಕ್ಕ ಇಟ್ಟು ಪರೀಕ್ಷೆ ಮಾಡುತ್ತಿದ್ದಾರೆ, ಅದು ಬೇರೆ ಮಾತು, ಈ ಸೀಸೆಯಲ್ಲಿ ತುಂಬಿದ್ದೇನು ಅನ್ನುವುದು ತುಂಬಿದವನಿಗೆ ಮಾತ್ರ ಗೊತ್ತು ಅಂದರು. ಕೊಬ್ಬಿನ ಜೊತೆ ತೊಡೆಯ ಮಾಂಸವೂ ಕರಗಿದೆ, ಹಾಗಾದರೆ ಮೊಣಕಾಲಿಗೆ ಆಸರೆ ಎಲ್ಲಿಂದ ಬರಬೇಕು ಅಂದರು. ಇವತ್ತಿಗೇ ನಿಲ್ಲಿಸಬೇಕು, ರಕ್ತ ನೋಡಬೇಕು, ಸರಿಯಾಗಿ ಉಣ್ಣಬೇಕು, ಕಾಲಿನ ವ್ಯಾಯಾಮ ಮಾಡಬೇಕು. ತೂಕಕ್ಕೆ ಔಷಧ ಬೇಕೇ ಆದರೆ ಅಧಿಕೃತವಾದದ್ದು ಇದೆ, ಅದನ್ನು ಆಮೇಲೆ ನೋಡೋಣ ಅಂದರು. ಹತ್ತೂ ಸೀಸೆಯನ್ನು ನಾಶ ಮಾಡಿಸುತ್ತೇನೆ ಅಂತ ತಾವೇ ಇಟ್ಟುಕೊಂಡರು.

ಆಮೇಲೆ ನನ್ನ ಕಡೆ ತಿರುಗಿದರು. "ಮೇಡಂ, ನೀವು ಲ್ಯಾಬಿನವರು ಅಂತೀರಿ. ಮೂರು ತಿಂಗಳದಾಗ ಹನ್ನೆರಡು ಕಿಲೋ ಇಳಿದಿದ್ದು ನಿಮಗ ಕಾಣಲಿಲ್ಲೇನ್ರಿ?"

ಕಂಡಿತ್ತು, ನಾನೇ ಇಳಿಸಿದೆ ಅಂದುಕೊಂಡಿದ್ದೆ. ಇದನ್ನು ಯಾರಿಗೆ ಹೇಳುವುದು? ತಲೆ ತಗ್ಗಿಸಿ ಕೂತೆ. ಹೊರಗೆ ಬಂದು ಬಸ್ಸು ಹತ್ತಿದ ಮೇಲೆ ಅಕ್ಕ, "ಅಕಿ ಬೈದಿದ್ದು ಛಲೋ ಆತು. ನೀ ಬೈದ್ರ ನನಗ ದಿನಾ ಕೇಳಿ ಕೇಳಿ ರೂಢಿ ಆಗೇತಿ" ಅಂದಳು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು.

ಹಸಿವು ಕರೆದ ಕೂಡಲೇ ಬರುವ ನೆಂಟನಲ್ಲ. ಎರಡು ವಾರ ಅಕ್ಕ ಗಂಜಿ, ಮಜ್ಜಿಗೆಯಲ್ಲೇ ದಿನ ದೂಡಿದಳು. ಉಪ್ಪಿನ ಉಸ್ತುವಾರಿ ಗಂಡನದಾಯಿತು. ಅವರು ಅಳೆದು ಸುರಿದು ಹಾಕುತ್ತಿದ್ದರು, ಗಿರಾಕಿಗಳು ಸಹಿಸಿಕೊಂಡರು. ಮೂರನೆಯ ವಾರ, ಒಂದು ಬೆಳಿಗ್ಗೆ ನಾನು ಯಾರದೋ ತೋಳಿಗೆ ರಬ್ಬರು ಕಟ್ಟಿದ್ದಾಗ ಫೋನು ಬಂತು.

"ಹಸಿವಾತು ಬೇ!" ಮೊಮ್ಮಗ ಹುಟ್ಟಿದ ಸುದ್ದಿ ಹೇಳಿದ ಹಾಗೆ ಕೂಗಿದಳು.

ಹನ್ನೊಂದಕ್ಕೆ ನಾನು ಅಲ್ಲಿದ್ದೆ. ಮೂಲೆಯ ಬಾಕು, ಮೊದಲ ತಾಟು. ಬಿಸಿ ರೊಟ್ಟಿ ಮುರಿದು, ಪಲ್ಯದಲ್ಲಿ ಒತ್ತಿ ಬಾಯಿಗಿಟ್ಟಳು. ಕಣ್ಣು ಮುಚ್ಚಿ ಅಗಿದಳು. ಅವಳ ಗಂಡ ಒಲೆಯ ಹತ್ತಿರ ಸೌಟು ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ನಿಂತಿದ್ದರು. ಅಕ್ಕ ಕಣ್ಣು ತೆರೆದು, "ಪಲ್ಯ ಅಗದಿ ಸಪ್ಪಗ ಐತಿ! ಇದನ್ನ ನೀಡೀರೇನು ಇಷ್ಟು ದಿನ ಮಂದಿಗೆ?" ಅಂತ ಚೀರಿದಳು. ಅವರು ಕೈಮುಗಿದು ಸೌಟು ಕೆಳಗಿಟ್ಟರು. ನನ್ನ ಡಬ್ಬಿ ಅವತ್ತಿನಿಂದ ಸರಿಹೋಯಿತು.

ಮೈ ಸ್ವಲ್ಪ ಮರಳಿ ಬಂತು, ಐದು ಕಿಲೋ. ಡಾಕ್ಟರು ಗುಳಿಗೆ ಬದಲಿಸಿದರು, ಕಾಲಿನ ವ್ಯಾಯಾಮ ಕಲಿಸಿದರು. ರೊಟ್ಟಿ ಬಡಿಯುವವರ ಹಿಂದೆ ಕುರ್ಚಿ ಹಾಕಿಕೊಂಡು ಅಕ್ಕ ಒಂದೊಂದೇ ಕಾಲು ಎತ್ತಿ ಇಳಿಸುವುದನ್ನು ಗಿರಾಕಿಗಳೂ ನೋಡಿ ಎಣಿಸತೊಡಗಿದರು. ಆದರೆ ಜಮಖಾನೆಯ ಮಾತು ನಾನೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ಮತ್ತೆ ಕುರ್ಚಿಯ ಮೇಲೆಯೇ ಪೂಜೆ ನಡೆದಿದೆ ಅಂತ ಗೊತ್ತಿತ್ತು. ಅದೊಂದು ನನ್ನನ್ನು ಕೊರೆಯುತ್ತಿತ್ತು. ಔಷಧ ಕಿತ್ತುಕೊಂಡೆ ಸರಿ, ಅದರ ಬದಲಿಗೆ ನಾನೇನು ಕೊಟ್ಟೆ?

ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ಉಪವಾಸದ ರಕ್ತ ನೋಡಬೇಕಿತ್ತು. ಆಕೆಗೆ ಓಡಾಟ ಬೇಡ ಅಂತ, "ಲ್ಯಾಬ್ ತೆಗಿಯೂಕಿಂತ ಮೊದಲ, ಆರಕ್ಕ ನಾನ ಮನಿಗೆ ಬರ್ತೀನಿ" ಅಂತ ಹಿಂದಿನ ದಿನವೇ ಹೇಳಿದ್ದೆ. ಆ ಹೊತ್ತಿಗೆ ಆಕೆಯ ಗಂಡ ಖಾನಾವಳಿಗೆ ಹೋಗಿ ಒಲೆ ಹೊತ್ತಿಸಿರುತ್ತಾರೆ, ಮನೆಯಲ್ಲಿ ಆಕೆಯೊಬ್ಬಳೇ. ಬಾಗಿಲು ಮುಂದೆ ಮಾಡಿತ್ತು, ತಳ್ಳಿದೆ.

ಅಕ್ಕ ನೆಲದ ಮೇಲೆ ಕೂತಿದ್ದಳು. ಜಮಖಾನೆಯ ಮೇಲೆ, ಕಾಲು ಮಡಚಿ, ಅಂಗೈಯಲ್ಲಿ ಲಿಂಗ, ಹಣೆಯ ತುಂಬ ವಿಭೂತಿ. ಕುರ್ಚಿ ಆ ಕಡೆ ಗೋಡೆಗಿತ್ತು. ನಾನು ಬಾಗಿಲಲ್ಲೇ ನಿಂತೆ. ಪೂಜೆ ಮುಗಿಸಿ ಲಿಂಗವನ್ನು ಕೊರಳಿನ ಬೆಳ್ಳಿ ಕರಡಿಗೆಯಲ್ಲಿಟ್ಟಳು.

"ಕುಂತೀಯಲ್ಲೇ ಅಕ್ಕಾ!" ಅಂದೆ. "ಏಳು, ರಕ್ತ ತಗೋತೀನಿ."

"ಇಲ್ಲೇ ತಗೋ."

ನಾನೂ ಕೆಳಗೆ ಕೂತು ರಕ್ತ ತೆಗೆದೆ, ಹತ್ತಿ ಒತ್ತಿದೆ. "ಈಗರ ಏಳು. ಚಾ ಕುಡಿಯೂಣು."

ಆಕೆ ಏಳಲಿಲ್ಲ. ನನ್ನನ್ನು ನೋಡದೆ ಕಿಟಕಿಯ ಕಡೆ ನೋಡುತ್ತ ಹೇಳಿದಳು.

"ಕೂಡ್ರೂದು ನನಗ ಎಂದೂ ಕಷ್ಟ ಇರಲಿಲ್ಲ ಬೇ. ಬಿದ್ದಂಗ ಕುಂತುಬಿಡ್ತೀನಿ. ಏಳೂದು ಆಗಂಗಿಲ್ಲ. ಎರಡು ವರ್ಷದ ಹಿಂದ ಒಂದಿನ ಹಿಂಗ ಕುಂತೆ, ಎಂಟರ ತನಕಾ ಏಳಾಕಾಗಲಿಲ್ಲ. ಫೋನು ಅಡಗಿಮನ್ಯಾಗ. ಹಾಲಿನಾಕಿ ಬಂದು ಕೂಗಿ ಹೋದ್ಲು, ನಾ ಓ ಅನಲಿಲ್ಲ. ಎಬ್ಬಸಾಕ ಬಾ ಅಂತ ಹೆಂಗ ಅನ್ನೂದು? ಮರುದಿನ ಕುರ್ಚಿ ತಂದೆ. ಸಣ್ಣಾಕಿ ಆದ್ರ ಯಾರಿಗೂ ಹೇಳದ ನಾನ ಏಳತೀನಿ ಅಂತ ಆ ಸೂಜಿ." ಜಮಖಾನೆಯ ಅಂಚು ಸರಿಮಾಡಿದಳು. "ಇವತ್ತ ನೀ ಬರ್ತಿ ಅಂತ ಗೊತ್ತಿತ್ತು. ಅದಕ ಕುಂತೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ವರ್ಷ ಕುರ್ಚಿ, ಮೂರು ತಿಂಗಳು ಏನಂತ ಗೊತ್ತಿಲ್ಲದ ವಿಷ, ಒಂದು ಮಾತು ಹೇಳಲಾರದೆ! "ದಿನಾ ನೂರು ಮಂದಿಗೆ ನೀಡಾಕಿ, ಒಂದು ಕೈ ಕೊಡು ಅಂತ ಕೇಳಾಕ ನಿನಗ ಬಾಯಿ ಇರಲಿಲ್ಲೇನು?" ಅಂತ ಕೂಗಿದೆ. ಕೂಗುತ್ತಲೇ ಆಕೆಯ ಎರಡೂ ಕೈ ಹಿಡಿದು ಎಳೆದೆ. ಮೊದಲ ಸಲ ಇಬ್ಬರೂ ಜಮಖಾನೆಯ ಮೇಲೆ ಬಿದ್ದೆವು. ನಕ್ಕು ನಕ್ಕು ಇನ್ನಷ್ಟು ತಡವಾಯಿತು. ಎರಡನೆಯ ಸಲ ಎದ್ದಳು.

ಈಗ ನನ್ನ ಲ್ಯಾಬ್ ಹತ್ತು ನಿಮಿಷ ತಡವಾಗಿ ತೆರೆಯುತ್ತದೆ. ಬಾಕಿನ ಮೇಲೆ ಉಪವಾಸ ಕೂತವರು ಗೊಣಗುತ್ತಾರೆ, ಗೊಣಗಲಿ. ದಿನಾ ಬೆಳಿಗ್ಗೆ ಆರಕ್ಕೆ ನಾನು ಹೋಗಿ ಆ ಬಾಗಿಲಲ್ಲಿ ಚಪ್ಪಲಿ ಬಿಡುತ್ತೇನೆ. ಅಕ್ಕ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಕಣ್ಣು ತೆರೆಯುವ ಮೊದಲೇ ಎರಡೂ ಕೈ ಮೇಲೆತ್ತುತ್ತಾಳೆ.